ಆಫೀಸಿನ ಕೀಲಿ ಆಫೀಸಿಗೆ, ಮನೆಯ ಕೀಲಿ ಕಿಸೆಯಲ್ಲಿ

“ಸರ, ಮೊಬೈಲ್‌ನ್ಯಾಗ ಪಾಸ್‌ವರ್ಡ್ ಮ್ಯಾನೇಜರ್ ಹಾಕ್ಕೊಂಡೀನಿ. ಮನಿ ಲ್ಯಾಪ್‌ಟಾಪ್‌ನ್ಯಾಗೂ ಐತಿ. ಆಫೀಸ್ ಕಂಪ್ಯೂಟರಿಗೆ ಹೆಂಗ ತರೂದ್ರಿ? ಗೂಗಲ್ ಡ್ರೈವ್ ತೆರಿಯಂಗಿಲ್ಲ, ಪೆನ್‌ಡ್ರೈವ್ ಹಚ್ಚಿದ್ರ ತಗೊಳ್ಳಂಗಿಲ್ಲ.”

ತಿಕೋಟಾದಿಂದ ದಿನಾ ವಿಜಯಪುರಕ್ಕೆ ಓಡಾಡುವ ಬ್ಯಾಂಕ್ ನೌಕರರೊಬ್ಬರ ಪ್ರಶ್ನೆ ಇದು. ಬೆಂಗಳೂರಿನ ಕಂಪನಿಯ ಲ್ಯಾಪ್‌ಟಾಪ್ ಇಟ್ಟುಕೊಂಡು ಬಬಲೇಶ್ವರದ ಮನೆಯಿಂದಲೇ ಕೆಲಸ ಮಾಡುವ ಹುಡುಗಿಯದೂ ಇದೇ ಪ್ರಶ್ನೆ. ತಾಲ್ಲೂಕು ಕಚೇರಿಯ ಆಪರೇಟರ್‌ಗೂ ಇದೇ ತಲೆನೋವು. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೆ ಮೂವರಿಗೂ ಕೇಳಬೇಕಾದ ಮರುಪ್ರಶ್ನೆ ಒಂದಿದೆ: ನಿಮ್ಮ ಸ್ವಂತದ ಪಾಸ್‌ವರ್ಡುಗಳು ಆಫೀಸ್ ಕಂಪ್ಯೂಟರಿಗೆ ಯಾಕೆ ಬರಬೇಕು?

ಉತ್ತರಕ್ಕೆ ಮೊದಲು ಈ ಪಾಸ್‌ವರ್ಡುಗಳ ಸಂತೆ ಎಷ್ಟು ಬೆಳೆದಿದೆ ನೋಡೋಣ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕುಳಿತರು. 17ಕ್ಕೂ ಹೆಚ್ಚು ತಂತ್ರಾಂಶಗಳಲ್ಲಿ ಕೆಲಸ ಮಾಡಿಸುತ್ತಾರೆ, ಅದಕ್ಕೆ ತಕ್ಕ ಸಲಕರಣೆ ಕೊಡುವುದಿಲ್ಲ ಎಂಬುದು ಅವರ ದೊಡ್ಡ ದೂರು. 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಕುಳಿತರು. ಅದು ಕೆಲಸದ ಒತ್ತಡದ ಹೋರಾಟ, ನಿಜ. ಆದರೆ ತಂತ್ರಾಂಶ ಒಂದೊಂದಕ್ಕೂ ಒಂದು ಲಾಗಿನ್ ಇರುತ್ತದೆ ಎಂಬುದನ್ನು ನೆನೆದರೆ ಆ ಮುಷ್ಕರದಲ್ಲಿ ನಮ್ಮ ವಿಷಯವೂ ಅಡಗಿದೆ. ಕಂದಾಯಕ್ಕೆ ಭೂಮಿ, ಪಂಚಾಯಿತಿಗೆ ಪಂಚತಂತ್ರ ಮತ್ತು ಇ-ಸ್ವತ್ತು, ಕೃಷಿಗೆ ಫ್ರೂಟ್ಸ್, ಸಂಬಳಕ್ಕೆ ಎಚ್‌ಆರ್‌ಎಂಎಸ್, ಬಿಲ್ಲಿಗೆ ಖಜಾನೆ-2. ಸರ್ಕಾರಿ ನೌಕರಿ ಇಲ್ಲದವರೇನೂ ಪಾರಾಗಿಲ್ಲ. ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವವರಿಗೆ ಜಿಎಸ್‌ಟಿ, ಇ-ವೇ ಬಿಲ್, ಆದಾಯ ತೆರಿಗೆ, ಎರಡು ಬ್ಯಾಂಕು, ಹೆಸ್ಕಾಂ ಬಿಲ್ಲು ಎಲ್ಲಕ್ಕೂ ಬೇರೆ ಬೇರೆ ಲಾಗಿನ್ ಬೇಕು.

ಇಷ್ಟನ್ನು ನೆನಪಿಡಲಾಗದ ಮನುಷ್ಯ ಏನು ಮಾಡುತ್ತಾನೆ? ಕೀಬೋರ್ಡ್ ಎತ್ತಿ ನೋಡಿ, ಚೀಟಿ ಸಿಗುತ್ತದೆ. ಡೈರಿಯ ಕೊನೆಯ ಪುಟ ತೆರೆದರೆ ಪಟ್ಟಿಯೇ ಸಿಗುತ್ತದೆ. ಇವೆರಡೂ ಬೇಡವೆಂದವರು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಸಂದೇಶ ಕಳಿಸಿಕೊಂಡಿರುತ್ತಾರೆ. ಇನ್ನು ಊರಿನ ಹೆಸರಿನ ಮುಂದೆ 123 ಸೇರಿಸಿ ಎಲ್ಲ ಬೀಗಕ್ಕೂ ಅದನ್ನೇ ಹಾಕುವವರ ಸಂಖ್ಯೆ ಕೇಳಲೇಬೇಡಿ.

ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ತನ್ನ ನೌಕರರಿಗೆ ಸೈಬರ್ ಭದ್ರತೆಯ ಮಾರ್ಗಸೂಚಿ ಹೊರಡಿಸಿತು. ಸರ್ಕಾರದ ಆಂತರಿಕ ಕಡತಗಳನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ನಂಥ ಖಾಸಗಿ ಕ್ಲೌಡ್‌ಗೆ ಹಾಕಬಾರದು, ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸಬಾರದು, ಚೀಟಿಯಲ್ಲಿ ಬರೆದು ಅಂಟಿಸಬಾರದು, 45 ದಿನಕ್ಕೊಮ್ಮೆ ಬದಲಿಸಬೇಕು ಎಂದೆಲ್ಲ ಅದರಲ್ಲಿತ್ತು. ಮೊದಲ ಮೂರು ಮಾತಿಗೆ ತಕರಾರಿಲ್ಲ. ಕೊನೆಯದು ಮಾತ್ರ ಹಳೆಯ ಕಾಲದ ಸಲಹೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್, ಸೋರಿಕೆಯ ಸುಳಿವು ಇಲ್ಲದೆ ಸುಮ್ಮಸುಮ್ಮನೆ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬೇಡಿ ಎಂದು 2017ರಲ್ಲೇ ಹೇಳಿತ್ತು. ಒತ್ತಾಯಿಸಿದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಗೋಳಗುಮ್ಮಟ 01 ಹೋಗಿ ಗೋಳಗುಮ್ಮಟ 02 ಬರುತ್ತದೆ.

ಬರೆಯಬೇಡಿ, ಉಳಿಸಬೇಡಿ, ಮರೆಯಬೇಡಿ, ಮೇಲಿಂದ ಮೇಲೆ ಬದಲಿಸಿ. ಈ ನಾಲ್ಕನ್ನೂ ಒಟ್ಟಿಗೆ ಪಾಲಿಸಬಲ್ಲ ಮನುಷ್ಯ ಹುಟ್ಟಿಲ್ಲ. ಅದಕ್ಕೇ ಪಾಸ್‌ವರ್ಡ್ ಮ್ಯಾನೇಜರ್.

ಇದರ ಒಳಗೇನಿದೆ ಎಂದು ಒಂದನ್ನಾದರೂ ಹತ್ತಿರದಿಂದ ನೋಡಿದರೆ ಎಲ್ಲ ಸಾಧನಗಳಲ್ಲೂ ಪಾಸ್‌ವರ್ಡುಗಳನ್ನು ಒಂದೇ ಸಮ ಇಡುವ ಸಿಂಕ್‌ನ ಸಮಸ್ಯೆ ಅರ್ಧ ಬಿಡಿಸಿದಂತೆ. ಕೀಪಾಸ್ ಎಂಬ ಉಚಿತ ತಂತ್ರಾಂಶ 2003ರಿಂದ ಇದೆ. ನಿಮ್ಮೆಲ್ಲ ಪಾಸ್‌ವರ್ಡುಗಳನ್ನು ಅದು ಒಂದೇ ಒಂದು ಫೈಲಿನಲ್ಲಿ ಇಡುತ್ತದೆ. ನೂರಾರು ಪಾಸ್‌ವರ್ಡ್ ತುಂಬಿದರೂ ಆ ಫೈಲು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಕ್ಕಿಂತ ಚಿಕ್ಕದು. ಇದನ್ನು ಪೆಟ್ಟಿಗೆ ಎಂದು ಕರೆಯೋಣ. ಪೆಟ್ಟಿಗೆಗೆ ಒಂದೇ ಮುಖ್ಯ ಪಾಸ್‌ವರ್ಡ್. ಅದಿಲ್ಲದೆ ತೆರೆದರೆ ಕಾಣುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಕಳ್ಳ ಒಂದೊಂದೇ ಊಹೆ ಹಾಕಿ ನೋಡಬಹುದಲ್ಲ ಎಂದರೆ, ಆರ್ಗಾನ್2 ಎಂಬ ಲೆಕ್ಕಾಚಾರ ಅಲ್ಲಿ ಕಾವಲು ಕುಳಿತಿದೆ. ಪ್ರತಿ ಊಹೆಗೂ ಕಂಪ್ಯೂಟರು ಸಾಕಷ್ಟು ಸ್ಮರಣೆ ಮತ್ತು ಸಮಯ ತೆರಬೇಕಾಗುವಂತೆ ಅದನ್ನು ಬೇಕೆಂತಲೇ ಭಾರ ಮಾಡಿದ್ದಾರೆ. ನಿಮಗೆ ಒಂದು ಸೆಕೆಂಡಿನ ವಿಳಂಬ. ಕೋಟಿಗಟ್ಟಲೆ ಊಹೆ ಹಾಕಬೇಕಾದ ಕಳ್ಳನಿಗೆ ಅದೇ ವಿಳಂಬ ಕೋಟಿ ಪಟ್ಟು.

ಇದೇ ಫೈಲನ್ನು ತೆರೆಯಲು ವಿಂಡೋಸ್, ಲಿನಕ್ಸ್, ಮ್ಯಾಕ್‌ನಲ್ಲಿ ಕೀಪಾಸ್‌ಎಕ್ಸ್‌ಸಿ ಇದೆ, ಆಂಡ್ರಾಯ್ಡ್‌ನಲ್ಲಿ ಕೀಪಾಸ್‌ಡಿಎಕ್ಸ್, ಐಫೋನಿನಲ್ಲಿ ಕೀಪಾಸಿಯಂ. ಎಲ್ಲವೂ ಒಂದೇ ಫೈಲನ್ನು ಓದುತ್ತವೆ. ಹಾಗಾಗಿ ಸಿಂಕ್ ಎಂದರೆ ಈ ಒಂದು ಫೈಲು ಎಲ್ಲ ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು, ಅಷ್ಟೇ. ಬಿಟ್‌ವಾರ್ಡನ್‌ನಂಥವು ಬೇರೆ ಜಾತಿಯವು. ಅವು ಪೆಟ್ಟಿಗೆಯನ್ನು ತಮ್ಮ ಸರ್ವರಿನಲ್ಲಿ ಇಟ್ಟುಕೊಂಡು ತಾವೇ ಎಲ್ಲ ಸಾಧನಗಳಿಗೆ ಹಂಚುತ್ತವೆ. ಅನುಕೂಲ ಹೆಚ್ಚು, ಆದರೆ ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿರುತ್ತದೆ. 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಗೆ ಕನ್ನ ಬಿದ್ದು ಗ್ರಾಹಕರ ಪೆಟ್ಟಿಗೆಗಳ ಪ್ರತಿಗಳೇ ಕಳ್ಳರ ಕೈ ಸೇರಿದವು. ಬೀಗ ಬಿಗಿಯಾಗಿದ್ದವರು ಉಳಿದರು, ಸಡಿಲ ಪಾಸ್‌ವರ್ಡ್ ಇಟ್ಟವರು ನಿದ್ದೆ ಕಳೆದುಕೊಂಡರು.

ಈಗ ಆಫೀಸಿನ ಕಡೆ ಬರೋಣ. ಡ್ರೈವ್ ಮುಚ್ಚುವುದು, ಪೆನ್‌ಡ್ರೈವ್ ಕಿಂಡಿ ಕುರುಡು ಮಾಡುವುದು ಐಟಿ ವಿಭಾಗದವರ ಹಟವಲ್ಲ. ರಿಸರ್ವ್ ಬ್ಯಾಂಕ್ 2016ರ ಜೂನ್ 2ರಂದು ಬ್ಯಾಂಕುಗಳಿಗೆ ಕಳಿಸಿದ ಸೈಬರ್ ಭದ್ರತಾ ಚೌಕಟ್ಟಿನಲ್ಲೇ ಪೆನ್‌ಡ್ರೈವ್ ಬಗೆಯ ಸಾಧನಗಳಿಗೆ ಕಡಿವಾಣ ಹಾಕಬೇಕೆಂಬ ಸೂಚನೆ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯಂತೂ, ಜನರ ಮಾಹಿತಿಗೆ ತಕ್ಕ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಎನ್ನುತ್ತದೆ. ಇಷ್ಟಾದ ಮೇಲೆ ಯಾವ ಸಂಸ್ಥೆ ಬಾಗಿಲು ತೆರೆದಿಟ್ಟೀತು?

ಬಾಗಿಲು ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಬೆಂಗಳೂರಿನದೇ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ಕಂಪನಿಯಿಂದ ಸುಮಾರು 379 ಕೋಟಿ ರೂಪಾಯಿ ಒಂದೇ ಏಟಿಗೆ ಹಾರಿಹೋಯಿತು. ತನಿಖೆ ಮಾಡಿದ ಪೊಲೀಸರ ಪ್ರಕಾರ, ನೌಕರನೊಬ್ಬ ಕಂಪನಿಯ ಲ್ಯಾಪ್‌ಟಾಪಿನಲ್ಲೇ ಅಪರಿಚಿತರು ಕೊಟ್ಟ ಪಾರ್ಟ್‌ಟೈಂ ಕೆಲಸ ಮಾಡುತ್ತಿದ್ದ. ಅವರು ಕಳಿಸಿದ ಫೈಲಿನ ಜತೆ ಬಂದ ದುಷ್ಟ ತಂತ್ರಾಂಶ ಅವನ ಲಾಗಿನ್ ವಿವರಗಳನ್ನು ಕದ್ದಿತು. ಸ್ವಂತದ್ದು, ಆಫೀಸಿನದು ಒಂದೇ ಯಂತ್ರದಲ್ಲಿ ಕಲೆತಾಗ ಆಗುವ ಅನಾಹುತ ಇದು.

ಇಲ್ಲೊಂದು ವಿಪರ್ಯಾಸ ಇದೆ. ನಮ್ಮ ದೃಷ್ಟಿಯಲ್ಲಿ ಕೀಪಾಸ್ ಫೈಲು ಬಹಳ ಸುರಕ್ಷಿತ, ಏಕೆಂದರೆ ಯಾರೂ ಒಳಗೆ ಇಣುಕಲಾರರು. ಆಫೀಸಿನ ದೃಷ್ಟಿಯಲ್ಲಿ ಅದು ಬಹಳ ಅನುಮಾನದ ಫೈಲು, ಕಾರಣ ಅದೇ: ಯಾರೂ ಒಳಗೆ ಇಣುಕಲಾರರು. ಹೊರಹೋಗುವ ಫೈಲುಗಳನ್ನು ತಪಾಸಣೆ ಮಾಡುವ ತಂತ್ರಾಂಶಕ್ಕೆ ಒಂದು ವರ್ಡ್ ಕಡತವಾದರೆ ಓದಬಹುದು, ಗ್ರಾಹಕರ ಖಾತೆ ಸಂಖ್ಯೆ ಇದೆಯೇ ಎಂದು ಹುಡುಕಬಹುದು. ಬೀಗ ಹಾಕಿದ ಫೈಲಿನಲ್ಲಿ ನಿಮ್ಮ ಫೇಸ್‌ಬುಕ್ ಪಾಸ್‌ವರ್ಡ್ ಇದೆಯೋ, ಬ್ಯಾಂಕಿನ 10 ಸಾವಿರ ಗ್ರಾಹಕರ ಪಟ್ಟಿ ಇದೆಯೋ ಅದಕ್ಕೆ ತಿಳಿಯುವುದಿಲ್ಲ. ಹೀಗಾಗಿ “ನಾನು ಕಳಿಸಿದ್ದು ಎನ್‌ಕ್ರಿಪ್ಟ್ ಮಾಡಿದ ಫೈಲು, ಯಾರಿಗೇನು ತೊಂದರೆ?” ಎಂಬ ವಾದ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಎನ್‌ಕ್ರಿಪ್ಟ್ ಮಾಡಿದ್ದೇ ತೊಂದರೆ.

ಆದರೂ ಜನ ದಾರಿ ಹುಡುಕುತ್ತಾರೆ. ಫೈಲಿನ ಹೆಸರಿನ ಕೊನೆ ಬದಲಿಸಿ ಫೋಟೋದಂತೆ ಕಾಣಿಸುವುದು, ತಮ್ಮ ಜಿಮೇಲಿಗೆ ತಾವೇ ಕಳಿಸಿಕೊಳ್ಳುವುದು, ಆಫೀಸ್ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಹಚ್ಚಿ ನಿರ್ಬಂಧ ತಪ್ಪಿಸುವುದು. ಇವುಗಳ ಪಟ್ಟಿ ಬೆಳೆಸಿ ನಿಮ್ಮ ನೌಕರಿಗೆ ಸಂಚಕಾರ ತರುವ ಇಚ್ಛೆ ನನಗಿಲ್ಲ. ನಿಯಮದ ಮಾತು ಬದಿಗಿಡಿ; ನಿಮ್ಮದೇ ಹಿತ ನೋಡಿದರೂ ಇದು ನಷ್ಟದ ವ್ಯಾಪಾರ. ಆಫೀಸ್ ಕಂಪ್ಯೂಟರಿನಲ್ಲಿ ನಿಮ್ಮ ಪೆಟ್ಟಿಗೆ ತೆರೆಯಬೇಕಾದರೆ ಮುಖ್ಯ ಪಾಸ್‌ವರ್ಡನ್ನು ಆ ಕೀಬೋರ್ಡಿನಲ್ಲಿ ಒತ್ತಬೇಕು. ಆ ಯಂತ್ರ ನಿಮ್ಮದಲ್ಲ. ಅದರ ಮೇಲೆ ಪೂರ್ತಿ ಅಧಿಕಾರ ಇರುವವರು ಬೇರೆ, ಅದರಲ್ಲಿ ಏನೇನು ನಿಗಾ ತಂತ್ರಾಂಶ ಓಡುತ್ತಿದೆ ಎಂಬುದು ನಿಮಗೆ ಕಾಣುವುದಿಲ್ಲ. ಪಾಳಿ ಬದಲಾದಾಗ ಅದೇ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ.

ಲಾಸ್ಟ್‌ಪಾಸ್‌ಗೆ ಬಿದ್ದ ಕನ್ನವೂ ಬೀಗ ಒಡೆದದ್ದಲ್ಲ. ಕಂಪನಿಯ ಎಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರಿನಲ್ಲಿ ವಿಡಿಯೊ ಮತ್ತಿತರ ಮಾಧ್ಯಮಗಳ ತಂತ್ರಾಂಶವೊಂದಿತ್ತು. ಅದರ ದೋಷ ಬಳಸಿ ಒಳನುಗ್ಗಿದ ಕಳ್ಳರು, ಆ ಎಂಜಿನಿಯರ್ ಒತ್ತುವ ಕೀಲಿಗಳನ್ನೆಲ್ಲ ದಾಖಲಿಸಿಕೊಂಡು ಮುಖ್ಯ ಪಾಸ್‌ವರ್ಡ್ ಹಿಡಿದರು ಎಂದು ಕಂಪನಿಯೇ 2023ರಲ್ಲಿ ಒಪ್ಪಿಕೊಂಡಿತು. ಅಲ್ಲಿ ಆಫೀಸಿನ ಕೀಲಿ ಮನೆಗೆ ಹೋಗಿ ಕೆಟ್ಟಿತು. ಮನೆಯ ಕೀಲಿ ಆಫೀಸಿಗೆ ಹೋದರೂ ಅಪಾಯ ಕಡಿಮೆಯಲ್ಲ. ದೂರದ ಅಮೆರಿಕ ಯಾಕೆ, ನಮ್ಮ ಜಿಲ್ಲೆಯ ಮನಗೂಳಿಯಲ್ಲಿ 2025ರ ಮೇ ತಿಂಗಳಲ್ಲಿ ಬ್ಯಾಂಕ್ ಶಾಖೆಯಿಂದ ಸುಮಾರು 59 ಕಿಲೋ ಬಂಗಾರ ಕಳುವಾಯಿತಲ್ಲ, ಅದರಲ್ಲೂ ಪೊಲೀಸರ ಆರೋಪ ಇದೇ ಬಗೆಯದು: ಹಿಂದೆ ಅಲ್ಲೇ ವ್ಯವಸ್ಥಾಪಕರಾಗಿದ್ದವರು ವರ್ಗವಾಗುವ ಮೊದಲೇ ಕೀಲಿಗಳ ನಕಲು ಮಾಡಿಸಿದ್ದರು.

ಹಾಗಾದರೆ ಮಾಡುವುದೇನು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಿದೆ. ಪೆಟ್ಟಿಗೆ ಎರಡು ಇರಲಿ. ಆಫೀಸಿನ ಪಾಸ್‌ವರ್ಡುಗಳಿಗೆ ಒಂದು, ಅದು ಆಫೀಸ್ ಯಂತ್ರದಲ್ಲೇ ಇರಬೇಕು, ಐಟಿ ವಿಭಾಗ ಒಪ್ಪಿದ ತಂತ್ರಾಂಶದಲ್ಲೇ ಇರಬೇಕು. ಸ್ವಂತದ ಪಾಸ್‌ವರ್ಡುಗಳಿಗೆ ಇನ್ನೊಂದು, ಅದು ನಿಮ್ಮ ಮೊಬೈಲ್ ಮತ್ತು ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಎರಡಕ್ಕೂ ಬೇರೆ ಬೇರೆ ಮುಖ್ಯ ಪಾಸ್‌ವರ್ಡ್. ಎರಡರ ನಡುವೆ ಸಿಂಕ್ ಬೇಡವೇ ಬೇಡ.

“ಆಫೀಸಿನಲ್ಲಿ ಕೂತಾಗ ಪಿಎಫ್ ನೋಡಬೇಕು, ಮಗಳ ಕಾಲೇಜು ಫೀ ಕಟ್ಟಬೇಕು” ಎಂದರೆ, ಮೊಬೈಲಿನಲ್ಲೇ ನೋಡಿ, ಮೊಬೈಲಿನಲ್ಲೇ ಕಟ್ಟಿ. ಮೊಬೈಲು ನಿಮ್ಮ ಸಿಮ್ಮಿನ ಡೇಟಾದಲ್ಲಿ ಓಡುತ್ತದೆ, ಆಫೀಸಿನ ನಿರ್ಬಂಧ ಅದಕ್ಕೆ ತಾಗುವುದಿಲ್ಲ. ಆಫೀಸ್ ವೈಫೈಗೆ ಅದನ್ನು ಸೇರಿಸದಿದ್ದರೆ ಸಾಕು. ಬಿಟ್‌ವಾರ್ಡನ್ ಬಳಸುವವರ ಪೆಟ್ಟಿಗೆಯ ಪ್ರತಿ ಮೊಬೈಲಿನಲ್ಲೇ ಇರುತ್ತದೆ. ಕೀಪಾಸ್ ಫೈಲಂತೂ ಪೂರ್ತಿ ಮೊಬೈಲಿನದೇ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಎರಡನ್ನೂ ತೆರೆದು ಓದಬಹುದು.

ಅಪರೂಪಕ್ಕೆ ನಿಮ್ಮದೊಂದು ಪಾಸ್‌ವರ್ಡ್ ಆಫೀಸ್ ಕಂಪ್ಯೂಟರಿನಲ್ಲಿ ಬೇಕೇ ಬೇಕಾದರೆ, ಅದೊಂದನ್ನೇ ಮೊಬೈಲ್ ನೋಡಿಕೊಂಡು ಕೈಯಿಂದ ಒತ್ತಿ. ಒಂದು ಪಾಸ್‌ವರ್ಡ್ ಹೋದರೆ ಒಂದೇ ಹೋಗುತ್ತದೆ, ಪೆಟ್ಟಿಗೆ ಹೋಗುವುದಿಲ್ಲ. ಮ್ಯಾನೇಜರ್ ತಾನೇ ಹುಟ್ಟಿಸುವ 20 ಅಕ್ಷರಗಳ ಗೋಜಲನ್ನು ನೋಡಿ ನೋಡಿ ಒತ್ತುವುದು ಹಿಂಸೆ ಎಂಬುದು ನಿಜ. ಅಂಥ ಖಾತೆಗಳಿಗೆ ಶಬ್ದಗಳ ಸಾಲು ಒಳ್ಳೆಯದು. ಅಮೆರಿಕದ ಆರ್ನಲ್ಡ್ ರೈನ್‌ಹೋಲ್ಡ್ 1995ರಲ್ಲಿ ತೋರಿಸಿದ ಉಪಾಯ ಇದು. 7,776 ಶಬ್ದಗಳ ಪಟ್ಟಿ ಇಟ್ಟುಕೊಂಡು, ದಾಳವನ್ನು 5 ಸಲ ಉರುಳಿಸಿ ಒಂದು ಶಬ್ದ ಆರಿಸುವುದು. ಹಾಗೆ 5 ಶಬ್ದ ಆರಿಸಿದರೆ ಸಾಧ್ಯತೆಗಳ ಸಂಖ್ಯೆ 28ರ ಮುಂದೆ 18 ಸೊನ್ನೆ ಇಟ್ಟಷ್ಟಾಗುತ್ತದೆ. ಕನ್ನಡ ನಿಘಂಟನ್ನು ಕಣ್ಮುಚ್ಚಿ ತೆರೆದು ಶಬ್ದ ಆರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೂ ನಡೆಯುತ್ತದೆ. ‘ಕುಂಟೆ ಗಡಿಯಾರ ಮಜ್ಜಿಗೆ ಶಿಖರ ಚಪ್ಪಲಿ’ ಎಂಬಂತೆ ಒಂದಕ್ಕೊಂದು ಸಂಬಂಧ ಇರಬಾರದು. ಪತ್ರಿಕೆಯಲ್ಲಿ ಬಂದ ಈ ಸಾಲನ್ನು ಮಾತ್ರ ದಯವಿಟ್ಟು ಯಾರೂ ಇಟ್ಟುಕೊಳ್ಳಬೇಡಿ. ಪೆಟ್ಟಿಗೆಯ ಮುಖ್ಯ ಪಾಸ್‌ವರ್ಡಿಗೂ ಇದೇ ಬಗೆ ಸೂಕ್ತ.

ಇನ್ನು ಮೊಬೈಲಿಗೂ ಮನೆಯ ಲ್ಯಾಪ್‌ಟಾಪಿಗೂ ನಡುವಿನ ಸಿಂಕ್. ಎರಡೂ ನಿಮ್ಮವೇ, ಅಲ್ಲಿ ತಡೆಯುವವರಿಲ್ಲ. ಕ್ಲೌಡ್ ಬೇಡವೆನ್ನುವವರಿಗೆ ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶ ಇದೆ. ಮನೆಯ ವೈಫೈಗೆ ಎರಡೂ ಸೇರಿದಾಗ ಫೈಲು ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತದೆ, ನಡುವೆ ಯಾರ ಸರ್ವರಿನಲ್ಲೂ ಉಳಿಯುವುದಿಲ್ಲ. ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತಿತು. ಈಗ ಸಿಂಕ್‌ಥಿಂಗ್-ಫೋರ್ಕ್ ಎಂಬುದನ್ನು ಬಳಸಬೇಕು. ಇಷ್ಟೆಲ್ಲ ರಗಳೆ ಬೇಡ ಎಂದರೆ, ಯುಎಸ್‌ಬಿ ಕೇಬಲ್ ಹಚ್ಚಿ ವಾರಕ್ಕೊಮ್ಮೆ ಫೈಲು ನಕಲು ಮಾಡಿಕೊಳ್ಳಿ. ನೋಡಲು ಹಳ್ಳಿ ವಿಧಾನ, ಆದರೆ ಇದರಲ್ಲಿ ಕೆಡುವಂಥದ್ದು ಬಹಳ ಕಡಿಮೆ.

ಕೆಡುವ ಜಾಗ ಒಂದೇ. ಸೋಮವಾರ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಹೆಸ್ಕಾಂ ಪಾಸ್‌ವರ್ಡ್ ಬದಲಿಸಿದಿರಿ. ಅದೇ ರಾತ್ರಿ ಮನೆಯವರು ಲ್ಯಾಪ್‌ಟಾಪಿನಲ್ಲಿ ಎಲ್‌ಐಸಿ ಪಾಸ್‌ವರ್ಡ್ ಬದಲಿಸಿದರು. ಈಗ ಎರಡು ಫೈಲು, ಎರಡೂ ಹೊಸವು, ಎರಡೂ ಅಪೂರ್ಣ. ಒಂದನ್ನು ಇನ್ನೊಂದರ ಮೇಲೆ ಹಾಕಿದರೆ ಒಬ್ಬರ ಬದಲಾವಣೆ ಮಾಯ. ಸಿಂಕ್‌ಥಿಂಗ್ ಇಂಥಲ್ಲಿ ಯಾವುದನ್ನೂ ಅಳಿಸದೆ, ಎರಡನೆಯದಕ್ಕೆ ಹೆಸರಿನಲ್ಲೇ ‘ಕಾನ್‌ಫ್ಲಿಕ್ಟ್’ ಎಂದು ಸೇರಿಸಿ ಪಕ್ಕದಲ್ಲಿಡುತ್ತದೆ. ಆಗ ಕೀಪಾಸ್‌ಎಕ್ಸ್‌ಸಿಯಲ್ಲಿ ಒಂದು ಪೆಟ್ಟಿಗೆ ತೆರೆದು, ಡೇಟಾಬೇಸ್ ಮೆನುವಿನ ‘ಮರ್ಜ್’ ಒತ್ತಿ ಇನ್ನೊಂದನ್ನು ತೋರಿಸಬೇಕು. ಅದು ಖಾತೆ ಖಾತೆಯನ್ನೂ ಹೋಲಿಸಿ, ಯಾವುದು ಇತ್ತೀಚಿನದೋ ಅದನ್ನು ಉಳಿಸಿಕೊಳ್ಳುತ್ತದೆ. ಹೆಸ್ಕಾಮೂ ಉಳಿಯಿತು, ಎಲ್‌ಐಸಿಯೂ ಉಳಿಯಿತು. ಎರಡೂ ಕಡೆ ಬದಲಿಸುವ ಅಭ್ಯಾಸ ಬಿಟ್ಟು ಮೊಬೈಲಿನಲ್ಲಿ ಮಾತ್ರ ಬದಲಿಸುವುದೆಂದು ಮನೆಯಲ್ಲಿ ಗೊತ್ತು ಮಾಡಿಕೊಂಡರೆ ಈ ಗೊಂದಲವೇ ಹುಟ್ಟುವುದಿಲ್ಲ.

ಮೊಬೈಲ್ ಕಳೆದರೆ? ಫೈಲಿನ ಒಂದು ಪ್ರತಿ ಮನೆಯ ಪೆನ್‌ಡ್ರೈವಿನಲ್ಲಿರಲಿ. ಮುಖ್ಯ ಪಾಸ್‌ವರ್ಡನ್ನು ಒಂದು ಕಾಗದದಲ್ಲಿ ಬರೆದು ಹೊಲದ ಪತ್ರ, ಬಂಗಾರ ಇಡುವ ತಿಜೋರಿಯಲ್ಲಿಡಿ. ಮನೆಯ ತಿಜೋರಿಯ ಕಾಗದ ಬೇರೆ, ಆಫೀಸಿನ ಕೀಬೋರ್ಡ್ ಕೆಳಗಿನ ಚೀಟಿ ಬೇರೆ. ನಾಳೆ ನಿಮಗೇನಾದರೂ ಆದರೆ ಮನೆಯವರು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುವುದೂ ಇದರಿಂದ ತಪ್ಪುತ್ತದೆ.

ಗ್ರಾಮ ಆಡಳಿತಾಧಿಕಾರಿಗಳ ಪಾಡು ಮಾತ್ರ ಈ ಎರಡು ಪೆಟ್ಟಿಗೆಯ ಲೆಕ್ಕಕ್ಕೆ ಸಲೀಸಾಗಿ ಕೂರುವುದಿಲ್ಲ. ಬೆಳೆ ಸಮೀಕ್ಷೆಗೆ ಹೊಲದಲ್ಲಿ ನಿಂತಾಗ ಅವರ ಕೈಯಲ್ಲಿರುವುದು ಒಂದೇ ಮೊಬೈಲು, ಬಹಳ ಸಲ ಅದು ಸ್ವಂತದ್ದೇ. ಸರ್ಕಾರವೇ ಆಫೀಸನ್ನು ನೌಕರನ ಕಿಸೆಗೆ ತುರುಕಿದ ಮೇಲೆ, ಸ್ವಂತ ಸಾಧನದಲ್ಲಿ ಕಚೇರಿ ಪಾಸ್‌ವರ್ಡ್ ಇಡಬೇಡ ಎಂದರೆ ಅದಕ್ಕೆ ಅರ್ಥವಿಲ್ಲ. ಅಂಥವರು ಒಂದೇ ಆ್ಯಪ್‌ನಲ್ಲಿ ಎರಡು ಬೇರೆ ಫೈಲು ಮಾಡಿಕೊಳ್ಳಬಹುದು. ಕೀಪಾಸ್‌ಡಿಎಕ್ಸ್‌ನಲ್ಲಿ ಒಂದು ತೆರೆದರೆ ಇನ್ನೊಂದು ತೆರೆಯುವುದಿಲ್ಲ. ವರ್ಗವಾದ ದಿನ ಕಚೇರಿಯ ಫೈಲನ್ನು ಅಳಿಸಿ, ಹಳೆಯ ಲಾಗಿನ್ ರದ್ದಾಯಿತೇ ಎಂದು ಮೇಲಧಿಕಾರಿಗಳಿಂದ ಖಾತ್ರಿ ಮಾಡಿಕೊಂಡು ಹೊರಡಬೇಕು. ಹಳೆಯ ಲಾಗಿನ್‌ನಲ್ಲಿ ಯಾರೋ ಮಾಡಿದ ಕೆಲಸಕ್ಕೆ ನಿಮ್ಮ ಹೆಸರು ಬರಬಾರದು.

ಕೊನೆಯ ಮಾತು ನೌಕರರಿಗಲ್ಲ, ಬೀಗ ಹಾಕುವವರಿಗೆ. ಬ್ಯಾಂಕು, ಪತ್ತಿನ ಸಹಕಾರಿ ಸಂಘ, ಕಾಲೇಜು, ಕೋಲ್ಡ್ ಸ್ಟೋರೇಜ್, ತಾಲ್ಲೂಕು ಕಚೇರಿ ಯಾವುದೇ ಇರಲಿ, ಡ್ರೈವ್ ಮುಚ್ಚಿ, ಪೆನ್‌ಡ್ರೈವ್ ಮುಚ್ಚಿ, ಆದರೆ ಪಾಸ್‌ವರ್ಡ್ ಇಡಲು ಒಂದು ಅಧಿಕೃತ ಜಾಗ ತೋರಿಸಿ. ಅದಿಲ್ಲದ ಆಫೀಸಿನಲ್ಲಿ ನಿರ್ಬಂಧ ಎಷ್ಟೇ ಬಿಗಿಯಾಗಿರಲಿ, ಪಾಸ್‌ವರ್ಡುಗಳು ಚೀಟಿಗೆ ಮತ್ತು ವಾಟ್ಸ್‌ಆ್ಯಪಿಗೆ ಹೋಗಿಯೇ ಹೋಗುತ್ತವೆ. ಕೀಪಾಸ್‌ಎಕ್ಸ್‌ಸಿಗೆ ಪರವಾನಗಿ ಶುಲ್ಕವಿಲ್ಲ, ಸರ್ವರ್ ಬೇಕಿಲ್ಲ, ಇಂಟರ್ನೆಟ್ ಕೂಡ ಬೇಕಿಲ್ಲ. ನಿಮ್ಮ ಐಟಿ ವಿಭಾಗ ಪರಿಶೀಲಿಸಿ ಒಂದು ಸಲ ಒಪ್ಪಿಗೆ ಕೊಟ್ಟು, ಎಲ್ಲ ಕಂಪ್ಯೂಟರುಗಳಲ್ಲಿ ಹಾಕಿಸಿದರೆ ಆಯಿತು.